ಪ್ಲಾಸ್ಟರ್ ಬಿಚ್ಚಿದ ಕಾಲು: ಟೇಪು ಹಿಡಿದು ಒಂದು ದಿನ

ಬೆಳಿಗ್ಗೆ ಆರೂವರೆ. ಅಜ್ಜಿ ಇನ್ನೂ ಹಾಸಿಗೆಯಿಂದ ಕಾಲು ಕೆಳಗಿಟ್ಟಿಲ್ಲ. ಅಳತೆ ತೆಗೆಯಲು ಇದೇ ಸರಿಯಾದ ಹೊತ್ತು. ಹರಡಿನ (ಪಾದದ ಕೀಲಿನ) ಎಲುಬಿನಿಂದ ನಾಲ್ಕು ಬೆರಳು ಮೇಲೆ ಪೆನ್ನಿನಲ್ಲಿ ಹಾಕಿದ ಗುರುತಿನ ಮೇಲೆ ದರ್ಜಿಯ ಟೇಪು ಸುತ್ತಿದರೆ ಬಲಗಾಲು 22.5 ಸೆಂ.ಮೀ., ಎಡಗಾಲು 21. ನೋಟ್‌ಬುಕ್ಕಿನಲ್ಲಿ ನಿನ್ನೆ ಸಂಜೆಯ ಬಲಗಾಲಿನ ಲೆಕ್ಕ 24.5. ರಾತ್ರಿ ಕಾಲು ಎತ್ತರದಲ್ಲಿದ್ದದ್ದಕ್ಕೆ 2 ಸೆಂ.ಮೀ. ಇಳಿದಿದೆ. ಹೀಗೆ ರಾತ್ರಿ ಇಳಿದು ಹಗಲು ಏರುವ ಊತವಾದರೆ ಅರ್ಧ ಹೆದರಿಕೆ ಕಳೆದಂತೆ.

ಅಜ್ಜಿಗೆ 71 ವರ್ಷ, ಶುಗರ್ ಬಂದು 18 ವರ್ಷ. ಬಚ್ಚಲಲ್ಲಿ ಜಾರಿ ಬಲಗಾಲಿನ ಹರಡು ಮುರಿದು, ಎಂಟು ವಾರ ಪ್ಲಾಸ್ಟರ್ ಇತ್ತು. ಬಿಚ್ಚಿ ಹತ್ತು ದಿನ. ಬಿಚ್ಚಿದ ದಿನ ತೆಳ್ಳಗಿದ್ದ ಕಾಲು ಮರುದಿನ ಸಂಜೆಗೆ ಉಬ್ಬಿದ್ದು ಕಂಡು ಮನೆಯವರು ಗಾಬರಿಯಾಗಿದ್ದರು. ಆಗುವುದು ಹೀಗೆ: ನಡೆಯುವಾಗ ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ಕೆಳಗಿನ ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ. ಎರಡು ತಿಂಗಳು ಕೆಲಸವಿಲ್ಲದೆ ಆ ಸ್ನಾಯು ಸೊರಗಿದೆ. ಕಾಲು ಇಳಿಬಿಟ್ಟ ಕೂಡಲೇ ನೀರು ಹರಡಿನ ಸುತ್ತ ನಿಲ್ಲುತ್ತದೆ. ಮೂರರಿಂದ ಆರು ತಿಂಗಳು, ಕೆಲವರಿಗೆ ವರ್ಷದವರೆಗೂ ಸಂಜೆಯ ಊತ ಇರುವುದುಂಟು.

ಅಳತೆಯಲ್ಲಿ ಒಂದು ಮೋಸವಿದೆ. ಒಂದು ಮೀನಖಂಡ ಇನ್ನೊಂದಕ್ಕಿಂತ 3 ಸೆಂ.ಮೀ.ಗೂ ಹೆಚ್ಚು ದಪ್ಪವಾದರೆ ಒಳರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದೆಂದು ವೈದ್ಯರು ಅನುಮಾನಿಸುತ್ತಾರೆ. ಆದರೆ ಮುರಿದ ಕಾಲಿನ ಮೀನಖಂಡ ಮೊದಲೇ ಸೊರಗಿರುತ್ತದಲ್ಲ, ಊದಿಕೊಂಡ ಮೇಲೂ ಎರಡೂ ಸಮ ಕಾಣಬಹುದು. ಅದಕ್ಕೇ ಅದೇ ಕಾಲನ್ನು ನಿನ್ನೆಯ ಅದೇ ಕಾಲಿಗೆ ಹೋಲಿಸಬೇಕು. ಒಂದೇ ದಿನದಲ್ಲಿ ಏರಿದ್ದು ಬೆಳಗಾದರೂ ಇಳಿಯದೆ, ಮೀನಖಂಡ ಬಿಸಿಯಾಗಿ ಒತ್ತಿದರೆ ನೋವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಬೇಕು, ಕಾಲು ತಿಕ್ಕಲೇಬಾರದು. ಜೊತೆಗೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಏಳು ಗಂಟೆಗೆ ಸೊಸೆ ದಿಂಬು ಸರಿಪಡಿಸಿದರು. ನಿನ್ನೆಯವರೆಗೆ ಹಿಮ್ಮಡಿಯ ಕೆಳಗೇ ಒಂದು ದಿಂಬು ಇಡುತ್ತಿದ್ದರು. ಹಿಮ್ಮಡಿ ಎತ್ತಿ ನೋಡಿದರೆ ಹಿಂಭಾಗದಲ್ಲಿ ಎಂಟಾಣೆ ನಾಣ್ಯದಷ್ಟಗಲ ಕೆಂಪು. ಬೆರಳಲ್ಲಿ ಒತ್ತಿ ಬಿಟ್ಟರೂ ಆ ಕೆಂಪು ಬೆಳ್ಳಗಾಗಲಿಲ್ಲ. ಹುಣ್ಣು ಶುರುವಾಗುವುದು ಹೀಗೆಯೇ. ಅಜ್ಜಿಗೆ ನೋವೇ ಇರಲಿಲ್ಲ, ಭಯ ಇರುವುದು ಅಲ್ಲೇ. ಈಗ ಮೀನಖಂಡದ ಉದ್ದಕ್ಕೂ ಎರಡು ದಿಂಬು, ಮಂಡಿಗೂ ಆಧಾರ, ಹಿಮ್ಮಡಿ ಮಾತ್ರ ಗಾಳಿಯಲ್ಲಿ. ಅಂಗೈ ಅದರ ಕೆಳಗೆ ಸಲೀಸಾಗಿ ತೂರಬೇಕು. ಪಾದ ಎದೆಗಿಂತ ಮೇಲಿರಬೇಕು. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲು ಚಾಚಿದರೆ ಪಾದ ಎದೆಯ ಮಟ್ಟಕ್ಕೂ ಬರುವುದಿಲ್ಲ. ಊತ ಇಳಿಯಬೇಕಾದರೆ ಮಲಗಬೇಕು, ಅರ್ಧ ಗಂಟೆಯಂತೆ ಹಗಲಿಗೆ ಮೂರು ನಾಲ್ಕು ಬಾರಿ.

ಪಾದಕ್ಕೆ ಸ್ಪರ್ಶ ಎಷ್ಟು ಉಳಿದಿದೆ ಎಂದು ಮನೆಯಲ್ಲೇ ತಿಳಿಯಬಹುದು. "ಅಮ್ಮಾ, ಕಣ್ಣು ಮುಚ್ಚಿ, ಮುಟ್ಟಿದ್ದು ಗೊತ್ತಾದ್ರೆ ಯಾವ ಕಾಲು ಅಂತ ಹೇಳಿ" ಎಂದು, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಹೂವಿನಷ್ಟು ಹಗುರಾಗಿ ಒಂದೆರಡು ಸೆಕೆಂಡು ಮುಟ್ಟುವುದು. ಒತ್ತಬಾರದು, ತಟ್ಟಬಾರದು. ಆರರಲ್ಲಿ ಎರಡು ತಪ್ಪಿದರೆ ನರ ಮಂದವಾಗಿದೆ ಎಂದೇ ಹಿಡಿಯಬೇಕು. ಅಜ್ಜಿಗೆ ನಾಲ್ಕು ಗೊತ್ತಾಗಲಿಲ್ಲ.

ಹತ್ತು ಗಂಟೆಗೆ ಪಕ್ಕದ ಮನೆಯವರು ಪ್ರೀತಿಯಿಂದಲೇ ಬಂದು, ಬಿಸಿ ಉಪ್ಪಿನ ಗಂಟಿನ ಶಾಖ ಕೊಟ್ಟರೆ ಬಾವು ಇಳಿಯುತ್ತದೆ ಎಂದರು. ಸ್ಪರ್ಶ ಮಂದವಾದ ಪಾದಕ್ಕೆ ಶಾಖ ಬೇಡವೇ ಬೇಡ. ಸುಟ್ಟದ್ದು ತಿಳಿಯುವುದು ಬೊಬ್ಬೆ ಎದ್ದ ಮೇಲೆಯೇ. ಐಸನ್ನೂ ನೇರ ಚರ್ಮಕ್ಕೆ ಇಡಬಾರದು. ಸ್ನಾನದ ನೀರಿನ ಬಿಸಿಯನ್ನು ಸೊಸೆ ತಮ್ಮ ಮೊಣಕೈಯಿಂದ ನೋಡಬೇಕು, ಅಜ್ಜಿಯ ಪಾದದಿಂದಲ್ಲ. ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒತ್ತಿ ಒರೆಸಬೇಕು. ಕೊಬ್ಬರಿ ಎಣ್ಣೆ ಪಾದಕ್ಕೆ, ಕಣಕಾಲಿಗೆ ಸರಿ, ಸಂದಿಗೆ ಬೇಡ.

ಕ್ರೇಪ್ ಬ್ಯಾಂಡೇಜ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ತಪ್ಪಾಗುವುದು ಇಲ್ಲಿಯೇ. ಸುತ್ತುವ ಮೊದಲು ಕಾಲಿಗೆ ರಕ್ತ ಚೆನ್ನಾಗಿ ಬರುತ್ತಿದೆಯೇ ಎಂದು ವೈದ್ಯರು ನೋಡಿರಬೇಕು. ಕಾಲಿನ ಬಿಪಿಯನ್ನು ತೋಳಿನದಕ್ಕೆ ಹೋಲಿಸುವ ಎಬಿಐ ಪರೀಕ್ಷೆಯಲ್ಲಿ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಎಂದರ್ಥ, 0.5ಕ್ಕಿಂತ ಕೆಳಗೆ ಬಂದರೆ ಬಿಗಿ ಪಟ್ಟಿಯ ಮಾತೇ ಇಲ್ಲ. ಹಳೆಯ ಶುಗರ್‌ನವರ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಗಡುಸಾಗಿದ್ದರೆ 1.3 ದಾಟಿಯೂ ಬರುತ್ತದೆ. ಅದನ್ನು ಒಳ್ಳೆಯ ಲೆಕ್ಕವೆಂದು ಓದಬಾರದು, ಕಾಲ್ಬೆರಳಿನ ಒತ್ತಡ ನೋಡಿಸಬೇಕು. ಒಪ್ಪಿಗೆ ಸಿಕ್ಕ ಮೇಲೆ, ಬೆಳಿಗ್ಗೆ ಊತ ಇಳಿದಿರುವಾಗಲೇ, 10 ಸೆಂ.ಮೀ. ಅಗಲದ ಪಟ್ಟಿಯನ್ನು ಬೆರಳ ಬುಡದಿಂದ ಶುರುಮಾಡಿ, ಹಿಮ್ಮಡಿಯನ್ನೂ ಮುಚ್ಚಿ, ಹರಡಿಗೆ ಎಂಟರ ಆಕಾರದಲ್ಲಿ ತಂದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಮಂಡಿಯ ಕೆಳಗಿನವರೆಗೆ. ಕೆಳಗೆ ತುಸು ಬಿಗಿ, ಮೇಲೆ ಹೋದಂತೆ ಸಡಿಲ. ಸೊಸೆ ಸುತ್ತಿದ್ದು ತಿರುಗುಮುರುಗಾಗಿತ್ತು: ಮೇಲೆ ಬಿಗಿದು ಹಿಮ್ಮಡಿ ಬಿಟ್ಟಿದ್ದರು, ಸಂಜೆಗೆ ಬಿಟ್ಟ ಜಾಗ ಬನ್ನಿನಂತೆ ಉಬ್ಬಿತ್ತು. ಬೆರಳು ಹೊರಗೇ ಇರಲಿ, ನೀಲಿಯಾದರೆ ಅಥವಾ ತಣ್ಣಗಾದರೆ ತಕ್ಷಣ ಬಿಚ್ಚಬೇಕು. ರಾತ್ರಿ ಹೇಗೂ ಬಿಚ್ಚುವುದೇ.

ವ್ಯಾಯಾಮ ದೊಡ್ಡದೇನಲ್ಲ. ಎದ್ದಿರುವ ಪ್ರತಿ ಗಂಟೆಗೆ ಪಾದವನ್ನು ತನ್ನ ಕಡೆಗೆ ಎಳೆದು, ಮುಂದಕ್ಕೆ ತಳ್ಳಿ, ಹದಿನೈದು ಸಲ. ಅಜ್ಜಿ ಧಾರಾವಾಹಿಯ ಜಾಹೀರಾತು ಬಂದಾಗೆಲ್ಲ ಮಾಡುತ್ತಾರೆ, ಅದಕ್ಕಿಂತ ಒಳ್ಳೆಯ ಗಡಿಯಾರ ಇಲ್ಲ. ವಾಕರ್‌ನಲ್ಲಿ ಎಷ್ಟು ಭಾರ ಹಾಕಬೇಕು ಎಂಬುದು ಎಕ್ಸ್‌ರೇ ನೋಡಿದ ಮೂಳೆ ವೈದ್ಯರ ಮಾತು. ನರ ಮಂದವಾದ ಕಾಲಿನ ಮೂಳೆ ಕೂಡಲು ಹೆಚ್ಚು ಸಮಯ ಬೇಕು, ಅವಸರ ಮಾಡಬಾರದು.

ಮಧ್ಯಾಹ್ನ ಮಾತ್ರೆಯ ಡಬ್ಬಿ ತೆರೆದಾಗ ಎರಡು ಹೆಸರು ಕಣ್ಣಿಗೆ ಬಿದ್ದವು. ಬಿಪಿಗೆ ಆಮ್ಲೋಡಿಪಿನ್, ಉರಿ ಪಾದಕ್ಕೆ ಪ್ರಿಗಾಬಲಿನ್. ಎರಡೂ ಕಾಲು ಊದಿಸುವ ಮಾತ್ರೆಗಳೇ, ಶುಗರ್‌ಗೆ ಕೊಡುವ ಪಯೋಗ್ಲಿಟಜೋನ್ ಕೂಡ. ಮನೆಯವರೇ ನಿಲ್ಲಿಸಬಾರದು, ಪಟ್ಟಿ ಬರೆದುಕೊಂಡು ಹೋಗಿ ಕೇಳಬೇಕು. ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಮಾತ್ರ ಅಂದೇ ಬಿಡಬೇಕು, ಅದು ನೀರು ನಿಲ್ಲಿಸುವುದರ ಜೊತೆಗೆ ಕಿಡ್ನಿಗೂ ಕೆಡುಕು. ನೀರು ಇಳಿಸುವ ಮಾತ್ರೆಯನ್ನು ಯಾರೋ ಹೇಳಿದರೆಂದು ನುಂಗುವುದೂ ತಪ್ಪು. ಎಡಗಾಲೂ ಊದತೊಡಗಿದರೆ, ಮುಖ ಊದಿದರೆ, ಎರಡು ಮೂರು ದಿನದಲ್ಲಿ ತೂಕ 2 ಕೆ.ಜಿ. ಏರಿದರೆ ಅದು ಮುರಿದ ಮೂಳೆಯ ಮಾತಲ್ಲ. ಹೃದಯ, ಕಿಡ್ನಿ ನೋಡಿಸಬೇಕು; ಕಿಡ್ನಿಗೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಚಮಚೆಯೂ ಪೂರ್ತಿಯಲ್ಲ. ಸಾರಿನ ಉಪ್ಪು ಕಡಿಮೆ ಮಾಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಹಾಗೇ ಇಟ್ಟರೆ ಪ್ರಯೋಜನವಿಲ್ಲ.

ಇನ್ನೊಂದು ಊತವಿದೆ, ಅದನ್ನು ತಪ್ಪಿಸಿಕೊಂಡರೆ ಪಾದವೇ ಕುಸಿಯುತ್ತದೆ. ಪಾದ ಕೆಂಪಾಗಿ, ಇನ್ನೊಂದಕ್ಕಿಂತ ಸುಮಾರು 2 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ, ಅಷ್ಟಾಗಿ ನೋವಿಲ್ಲದೆ ಊದುವ ಶಾರ್ಕೋ ಪಾದ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ನೋವಿಲ್ಲವೆಂದು ನಡೆದರೆ ಒಳಗಿನ ಸಣ್ಣ ಮೂಳೆಗಳು ಪುಡಿಯಾಗುತ್ತವೆ. ಅನುಮಾನ ಬಂದ ಗಳಿಗೆಯಿಂದ ಆ ಪಾದ ನೆಲಕ್ಕೆ ತಾಗಬಾರದು, ಶುಗರ್ ಪಾದ ನೋಡುವ ವೈದ್ಯರಿಗೆ ತೋರಿಸಬೇಕು. ಸೊಸೆಗೆ ದಿನಕ್ಕೆರಡು ಬಾರಿ ಎರಡೂ ಪಾದದ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಲು ತೋರಿಸಿದ್ದು ಇದಕ್ಕಾಗಿ.

ರಾತ್ರಿ ಎಂಟು. ಪಟ್ಟಿ ಬಿಚ್ಚಿ, ಮೊಬೈಲ್ ಬೆಳಕಲ್ಲಿ ಅಂಗಾಲು, ಸಂದು, ಹಿಮ್ಮಡಿ ನೋಡಿದ್ದಾಯಿತು. ಬೆಳಗಿನ ಕೆಂಪು ಮಸುಕಾಗಿದೆ. ಕಣಕಾಲಿನ ಮೇಲೆ ಹೆಬ್ಬೆರಳನ್ನು ಐದು ಸೆಕೆಂಡು ಒತ್ತಿ ಎತ್ತಿದರೆ ಚಿಕ್ಕ ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಂಡಿತು. ಟೇಪು ಸುತ್ತಿ ಸೊಸೆ ಬರೆದರು: ಬಲ 23.5, ಎಡ 21, ಎರಡೂ ಪಾದ ಒಂದೇ ಬಿಸಿ.