ಹೆಡ್ ಕೋಚ್ ಹುದ್ದೆಯ ಊಹೆ: ಕೆಂಟಕಿಯ ಗಂಟು ಬಿಚ್ಚಿತು

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಹೆಡ್ ಕೋಚ್ ಹುದ್ದೆ ತೆರವಾದಾಗ ಅದು ಯಾರ ಪಾಲಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಲು ನಾನು ಕಟ್ಟುತ್ತಿರುವ ಮಾದರಿಯನ್ನು ಬಹುಕಾಲ ಸತಾಯಿಸಿದ್ದು ಒಂದೇ ಹುದ್ದೆ: 2024ರ ಏಪ್ರಿಲ್‌ನ ಕೆಂಟಕಿ ವಿಶ್ವವಿದ್ಯಾಲಯ. ಹಳೆಯ ನೇಮಕಗಳ ಮೇಲೆ ಓಡಿಸಿದಾಗ ಬೇರೆಡೆ ಒಪ್ಪುವಂಥ ಉತ್ತರ ಕೊಡುತ್ತಿದ್ದ ಮಾದರಿ, ಕೆಂಟಕಿಗೆ ಬಂದೊಡನೆ ಡ್ಯಾನ್ ಹರ್ಲಿ, ಸ್ಕಾಟ್ ಡ್ರೂ, ಬಿಲ್ಲಿ ಡೊನೊವನ್, ನೇಟ್ ಓಟ್ಸ್ ಎಂದು ಹೆಸರುಗಳನ್ನು ಜೋಡಿಸಿ, ನಿಜವಾಗಿ ಕೆಲಸ ಪಡೆದ ಮಾರ್ಕ್ ಪೋಪ್ ಅವರನ್ನು ಪಟ್ಟಿಯ ತಳಕ್ಕೆ ತಳ್ಳುತ್ತಿತ್ತು. ಈ ವಾರ ಆ ಗಂಟು ಬಿಚ್ಚಿದೆ. ಅಂಕಿ-ಅಂಶ ಕಲೆಹಾಕುವುದು, ಎದುರಾಳಿಯ ಬಲಕ್ಕೆ ತಕ್ಕಂತೆ ಗೆಲುವುಗಳನ್ನು ತೂಗುವುದು ಇತ್ಯಾದಿಗಳು ಈ ಹವ್ಯಾಸದವರಿಗೆಲ್ಲ ಗೊತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೇಲಿನ ನಾಲ್ಕು ಹೆಸರುಗಳಲ್ಲಿ ಅನರ್ಹವಾದದ್ದು ಒಂದೂ ಇಲ್ಲ. ಅಮೆರಿಕದ ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎಯ ರಾಷ್ಟ್ರೀಯ ಟೂರ್ನಿಯ ಏಪ್ರಿಲ್ 8ರ ಫೈನಲ್‌ನಲ್ಲಿ ಪರ್ಡ್ಯೂ ತಂಡವನ್ನು 75-60ರಿಂದ ಸೋಲಿಸಿದ ಹರ್ಲಿ ಕನೆಕ್ಟಿಕಟ್‌ಗೆ ಸತತ ಎರಡನೆಯ ಪ್ರಶಸ್ತಿ ತಂದುಕೊಟ್ಟಿದ್ದರು. 2003ರಿಂದ ಬೇಲರ್‌ನಲ್ಲಿರುವ ಡ್ರೂ 2021ರಲ್ಲಿ ಚಾಂಪಿಯನ್ ಆಗಿದ್ದರು. ಡೊನೊವನ್ 2006 ಮತ್ತು 2007ರಲ್ಲಿ ಫ್ಲಾರಿಡಾಕ್ಕೆ ಪ್ರಶಸ್ತಿ ಗೆದ್ದುಕೊಟ್ಟವರು, ಓಟ್ಸ್ ಆ ವರ್ಷವಷ್ಟೇ ಅಲಬಾಮಾವನ್ನು ಮೊದಲ ಬಾರಿಗೆ ಫೈನಲ್ ಫೋರ್‌ಗೆ (ಆ ಟೂರ್ನಿಯ ಕೊನೆಯ ನಾಲ್ವರ ಹಂತಕ್ಕೆ) ಒಯ್ದವರು. ಪೋಪ್ ಅವರ ಸಾಲಿನಲ್ಲಿ ಇದ್ದದ್ದು ಬಿವೈಯುನ (ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ) ಐದು ಋತುಗಳ 110-52 ಗೆಲುವು-ಸೋಲಿನ ದಾಖಲೆ, ಎನ್‌ಸಿಎಎ ಟೂರ್ನಿಗೆ ಎರಡು ಪ್ರವೇಶ, ಎರಡರಲ್ಲೂ ಮೊದಲ ಪಂದ್ಯದಲ್ಲೇ ಸೋಲು. ಕೊನೆಯ ಸೋಲು ಡ್ಯೂಕೇನ್ ಎದುರು, ಹುದ್ದೆ ತೆರವಾಗುವುದಕ್ಕೆ ಕೆಲವೇ ವಾರಗಳ ಹಿಂದೆ ಆಗಿತ್ತು. ಅರ್ಹತೆಯನ್ನಷ್ಟೇ ಕೂಡಿಸುವ ಲೆಕ್ಕದಲ್ಲಿ ಈ ಸಾಲು ಮೇಲೇರಲು ದಾರಿಯೇ ಇಲ್ಲ. ತೂಕಗಳನ್ನು ಹೇಗೆ ತಿರುಚಿದರೂ ಪೋಪ್ ಏರುವಷ್ಟರಲ್ಲಿ ಉಳಿದ ಹುದ್ದೆಗಳ ಉತ್ತರವೆಲ್ಲ ಕೆಟ್ಟುಹೋಗುತ್ತಿತ್ತು.

ದಾರಿ ಸಿಕ್ಕಿದ್ದು ಲೆಕ್ಕವನ್ನು ಎರಡಾಗಿ ಒಡೆದಾಗ. ಶಾಲೆ ಯಾರನ್ನು ಬಯಸುತ್ತದೆ ಎಂಬುದು ಒಂದು ಅಂಕಣ. ಕರೆದರೆ ಯಾರು ಬರುತ್ತಾರೆ ಎಂಬುದು ಇನ್ನೊಂದು. ಇವೆರಡನ್ನೂ ಕೂಡಿಸಬಾರದು, ಗುಣಿಸಬೇಕು. ಗುಣಿಸಿದಾಗ ಬರುವ ಮನಸ್ಸಿಲ್ಲದವನ ಪ್ರಶಸ್ತಿಗಳಿಗೆ ಬೆಲೆ ಉಳಿಯುವುದಿಲ್ಲ. ಹರ್ಲಿ ಗೆದ್ದ ತಂಡವನ್ನು ಬಿಟ್ಟು ಏಳಬೇಕಿತ್ತು, ಡ್ರೂ ಎರಡು ದಶಕ ಕಟ್ಟಿದ ಮನೆಯನ್ನು ಬಿಡಬೇಕಿತ್ತು. ಓಟ್ಸ್ ಅವರ ಹೊಸ ಒಪ್ಪಂದದಲ್ಲಿ 1.8 ಕೋಟಿ ಡಾಲರ್ ಬೈಔಟ್ (ಅವಧಿಗೆ ಮೊದಲೇ ಬಿಟ್ಟುಹೋದರೆ ತೆರಬೇಕಾದ ಹಣ) ಇತ್ತು. ಡೊನೊವನ್ ಆಗ ಕೋಚ್ ಆಗಿದ್ದ, ವೃತ್ತಿಪರ ಲೀಗ್ ಎನ್‌ಬಿಎಯ ಶಿಕಾಗೊ ಬುಲ್ಸ್‌ಗೆ ಏಪ್ರಿಲ್ 17ರಂದು ಪ್ಲೇ-ಇನ್ (ಪ್ಲೇಆಫ್‌ಗೆ ಅರ್ಹತೆಯ) ಪಂದ್ಯವಿತ್ತು. ಪೋಪ್ ಅವರಾದರೋ 1996ರಲ್ಲಿ ರಿಕ್ ಪಿಟಿನೊ ಕೈಕೆಳಗೆ ಕೆಂಟಕಿ ಚಾಂಪಿಯನ್ ಆದಾಗ ಆ ತಂಡದ ನಾಯಕರಲ್ಲಿ ಒಬ್ಬರು. ಎರಡನೆಯ ಅಂಕಣದಲ್ಲಿ ಅವರಿಗೆ ಪೂರ್ಣ ಅಂಕ ಕೊಡಲು ಹಿಂಜರಿಯಬೇಕಾಗಿಲ್ಲ.

ಇಷ್ಟಾದರೂ ಅವರು ಮೊದಲ ಐವರೊಳಗೆ ಬಂದರೇ ಹೊರತು ಮೊದಲಿಗರಾಗಲಿಲ್ಲ. ಉಳಿದ ಕೊರತೆಯನ್ನು ತುಂಬಿದ್ದು ಸಮಯ. ಆ ವಸಂತದಲ್ಲಿ ಎಲ್ಲವೂ ಸರಪಳಿಯಂತೆ ನಡೆದಿತ್ತು: 20-13ರ ಋತು ಮುಗಿಸಿದ ರಾಬ್ ಲನಿಯರ್ ಅವರನ್ನು ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ) ಮಾರ್ಚ್‌ನಲ್ಲಿ ತೆಗೆಯಿತು, ಏಪ್ರಿಲ್ 1ರಂದು ಯುಎಸ್‌ಸಿಯ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ) ಆಂಡಿ ಎನ್‌ಫೀಲ್ಡ್ ಅಲ್ಲಿಗೆ ಹೋದರು, ಏಪ್ರಿಲ್ 4ರಂದು ಅರ್ಕನ್ಸಾದ ಎರಿಕ್ ಮಸಲ್‌ಮನ್ ಯುಎಸ್‌ಸಿಗೆ ಬಂದರು, ಎನ್‌ಸಿಎಎ ಟೂರ್ನಿಯಲ್ಲಿ ಓಕ್‌ಲೆಂಡ್‌ನಂಥ 14ನೇ ಶ್ರೇಯಾಂಕದ ತಂಡಕ್ಕೆ 80-76ರಿಂದ ಸೋತು ಅಭಿಮಾನಿಗಳ ಸಿಟ್ಟಿಗೆ ಗುರಿಯಾಗಿದ್ದ ಜಾನ್ ಕ್ಯಾಲಿಪರಿ ಏಪ್ರಿಲ್ 9ರಂದು ಕೆಂಟಕಿಗೆ ವಿದಾಯ ಹೇಳಿ ಮರುದಿನವೇ ಅರ್ಕನ್ಸಾ ಸೇರಿದರು. ಶಾಲೆ ಬದಲಿಸಬಯಸುವ ಆಟಗಾರರು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ಆಗಲೇ ತೆರೆದಿತ್ತು, ಸಾಮಾನ್ಯ ಅವಧಿ ಮೇ 1ಕ್ಕೆ ಮುಗಿಯುವುದಿತ್ತು, ಕೋಚ್ ಇಲ್ಲದ ಒಂದೊಂದು ದಿನವೂ ಒಬ್ಬೊಬ್ಬ ಆಟಗಾರನನ್ನು ಕಳೆಯುವ ದಿನ. ಹೀಗಾಗಿ ತಡವಾಗಿ ಉತ್ತರಿಸುವವರಿಗೆ ದಿನಕ್ಕಿಷ್ಟು ಎಂದು ಅಂಕ ಕಳೆಯುವ ಒಂದು ಪದವನ್ನು ಸೂತ್ರಕ್ಕೆ ಸೇರಿಸಿದೆ. ಪೋಪ್ ಮೇಲೆ ಬಂದರು. ಏಪ್ರಿಲ್ 12ರಂದು ಕೆಂಟಕಿಯೂ ಅವರನ್ನೇ ನೇಮಿಸಿತ್ತು.

ಇನ್ನು ದತ್ತಾಂಶ ಮಾರುವವರ ಮಾತು. ನಾನು ಹಣ ಕೊಟ್ಟು ಪಡೆಯುವ ಕಡತದಲ್ಲಿ ಒಬ್ಬನೇ ಕೋಚ್ ಶಾಲೆ ಬದಲಿಸಿದೊಡನೆ ಹೊಸ ಗುರುತು-ಸಂಖ್ಯೆ ಪಡೆಯುತ್ತಾನೆ. ಪೋಪ್ ಅವರ ಯೂಟಾ ವ್ಯಾಲಿಯ ನಾಲ್ಕು ಋತುಗಳು ಒಬ್ಬರ ಹೆಸರಿನಲ್ಲಿ, ಬಿವೈಯುನ ಐದು ಮತ್ತೊಬ್ಬರ ಹೆಸರಿನಲ್ಲಿ ಇದ್ದವು. ಋತುವಿನ ನಡುವೆ ತೆಗೆದುಹಾಕಿದ ಕೋಚ್‌ನ ಖಾತೆಗೆ ಮಧ್ಯಂತರ ಕೋಚ್‌ನ ಸೋಲುಗಳನ್ನೂ ಬರೆಯುತ್ತಾರೆ. ದೂರು ಕಳಿಸಿದರೆ ಸ್ವೀಕೃತಿ ಬರುತ್ತದೆ, ತಿದ್ದುಪಡಿ ಬರುವುದಿಲ್ಲ. ಹೆಸರುಗಳನ್ನು ಒಂದೊಂದಾಗಿ ಕೈಯಿಂದಲೇ ಹೊಂದಿಸಿದ್ದೇನೆ. ಈ ಕಡತ ಬಳಸುವವರು ಹಾಗೆ ಮಾಡದೆ ಯಾವ ಸರಾಸರಿಯನ್ನೂ ನಂಬಬಾರದು.

ಹಳೆಯ ವಿದ್ಯಾರ್ಥಿ ಎಂಬ ಅಂಶಕ್ಕೆ ಇಷ್ಟು ತೂಕ ಕೊಟ್ಟರೆ ಬೇರೆಡೆ ಎಡವಬಹುದೆಂಬ ಶಂಕೆ ಇತ್ತು, ಎಡವಿತು ಕೂಡ. ಲೂಯಿವಿಲ್ ತನ್ನ ಹಳೆಯ ಆಟಗಾರ ಕೆನ್ನಿ ಪೇನ್ ಅವರ 12-52ರ ಎರಡು ಋತುಗಳ ನಂತರ ಹೊರಗಿನ ಪ್ಯಾಟ್ ಕೆಲ್ಸಿಯವರನ್ನು ಕರೆತಂದಿತು. ಮಿಶಿಗನ್ ಜುವಾನ್ ಹೋವರ್ಡ್ ಅವರ 8-24ರ ನಂತರ ಡಸ್ಟಿ ಮೇ ಅವರನ್ನು, ಜಾರ್ಜ್‌ಟೌನ್ ಪ್ಯಾಟ್ರಿಕ್ ಯೂಯಿಂಗ್ ನಂತರ ಎಡ್ ಕೂಲಿಯವರನ್ನು, ಇಂಡಿಯಾನ ಮೈಕ್ ವುಡ್‌ಸನ್ ನಂತರ ಡೇರಿಯನ್ ಡಿವ್ರೀಸ್ ಅವರನ್ನು ತಂದದ್ದೂ ಇದೇ ಬಗೆಯದು. ಆದರೆ ನಾರ್ತ್ ಕ್ಯಾರೊಲೈನಾದಲ್ಲಿ ರಾಯ್ ವಿಲಿಯಮ್ಸ್ ಗೆದ್ದು ನಿವೃತ್ತರಾದಾಗ 2021ರಲ್ಲಿ ಹ್ಯೂಬರ್ಟ್ ಡೇವಿಸ್ ಬಂದರು, ಒಬ್ಬ ಹಳೆಯ ವಿದ್ಯಾರ್ಥಿಯ ನಂತರ ಮತ್ತೊಬ್ಬ ಹಳೆಯ ವಿದ್ಯಾರ್ಥಿ. ಆದ್ದರಿಂದ ಹಿಂದಿನ ಕೋಚ್ ಸ್ವಂತದವನಾಗಿದ್ದು ಸೋತು ಹೋಗಿದ್ದರೆ ಮಾತ್ರ ಈ ಅಂಶದ ತೂಕ ಇಳಿಯುವಂತೆ ಷರತ್ತು ಹಾಕಿದ್ದೇನೆ. ಈ ಷರತ್ತಿನೊಂದಿಗೆ ಕೆಂಟಕಿ ಕೆಡಲಿಲ್ಲ, ಮಿಶಿಗನ್ ಸರಿಹೋಯಿತು. ನನಗೆ ಅತ್ಯಂತ ತೃಪ್ತಿ ಕೊಟ್ಟ ಸಾಲು ಇದು.

ಇದರ ನಡುವೆ ಮುಂದಿನ ಯೋಜನೆ ಕೂಡ ಕರೆಯುತ್ತಿದೆ: ಕೋಚ್ ಹೋದರೆ ಅವರ ಹಿಂದೆ ಯಾವ ಆಟಗಾರರು ಹೋಗುತ್ತಾರೆ ಎಂಬ ಲೆಕ್ಕ. ಕ್ಯಾಲಿಪರಿಯವರ ಜೊತೆ ಡಿ.ಜೆ. ವ್ಯಾಗ್ನರ್, ಅಡೂ ತಿಯೆರೊ, ಜ್ವೋನಿಮಿರ್ ಇವಿಸಿಚ್ ಮೂವರೂ ಅರ್ಕನ್ಸಾಗೆ ಹೋದರು, ಇತ್ತ ಪೋಪ್ ಬಹುತೇಕ ಇಡೀ ತಂಡವನ್ನು ಹೊಸದಾಗಿ ಕಟ್ಟಬೇಕಾಯಿತು. ಅದಕ್ಕೆ ಪ್ರತ್ಯೇಕ ಕೋಷ್ಟಕವನ್ನು ಈಗಾಗಲೇ ತೆರೆದಿದ್ದೇನೆ.

ಆದರೆ ಅದಕ್ಕೆ ಮೊದಲು ಬಿವೈಯು ಬಾಕಿ ಇದೆ. ಪೋಪ್ ಬಿಟ್ಟ ಹುದ್ದೆಗೆ ಏಪ್ರಿಲ್ 16ರಂದು ನೇಮಕವಾದ ಕೆವಿನ್ ಯಂಗ್ ಆಗ ಎನ್‌ಬಿಎ ತಂಡ ಫೀನಿಕ್ಸ್ ಸನ್ಸ್‌ನ ಅಸಿಸ್ಟೆಂಟ್ ಕೋಚ್ ಆಗಿದ್ದರು. ಕಾಲೇಜಿನ ಹೆಡ್ ಕೋಚ್‌ಗಳನ್ನಷ್ಟೇ ಬಲ್ಲ ನನ್ನ ಕೋಷ್ಟಕದಲ್ಲಿ ಅವರಿಗೆ ಸಾಲೇ ಇಲ್ಲ. ಎನ್‌ಬಿಎ ಅಸಿಸ್ಟೆಂಟ್‌ಗಳಿಗೆ ಗೆಲುವು-ಸೋಲಿನ ಸ್ವಂತ ದಾಖಲೆ ಇರುವುದಿಲ್ಲ, ಆದ್ದರಿಂದ ಮೊದಲ ಅಂಕಣಕ್ಕೆ ಬೇರೆಯೇ ಅಳತೆ ಬೇಕು. ಯಾವ ಹೆಡ್ ಕೋಚ್‌ಗಳ ಬಳಿ ಎಷ್ಟು ವರ್ಷ ದುಡಿದರು, ಎನ್‌ಬಿಎಯ ಕೆಳಹಂತದ ಲೀಗ್ ಆದ ಜಿ-ಲೀಗ್‌ನಲ್ಲಿ (ಹಿಂದಿನ ಹೆಸರು ಡಿ-ಲೀಗ್) ತಂಡ ನಡೆಸಿದ್ದಾರೆಯೇ ಎಂಬ ಎರಡು ಅಂಶಗಳಿಂದ ಆರಂಭಿಸುತ್ತಿದ್ದೇನೆ.