ಸೋಪಿಲ್ಲದೆ ಸ್ನಾನ ಮಾಡಿದರೆ ಮೈಯ ಜಿಡ್ಡು ಏನಾಗುತ್ತದೆ?

ಕೈ, ಕಂಕುಳು, ತೊಡೆಸಂದಿ, ಪಾದ. ಇಷ್ಟಕ್ಕೆ ಮಾತ್ರ ನಾನು ಸೋಪು ಹಾಕುವುದು. ಮಿಕ್ಕ ಮೈಗೆಲ್ಲ ಬರೀ ನೀರು. ಇದು ಗೊತ್ತಾದ ಕೂಡಲೇ ಜನ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಾರೆ. ಆಮೇಲೆ ಕೇಳುತ್ತಾರೆ: "ಮತ್ತೆ ಜಿಡ್ಡು ಹೋಗುತ್ತಾ? ವಾಸನೆ ಬರಲ್ವಾ?" ವಾಟ್ಸಾಪಿನಲ್ಲಿ ಏನೋ ಓದಿದವರದು ಇನ್ನೊಂದು ಪ್ರಶ್ನೆ: "ಸೋಪು ಬಿಟ್ರೆ ಸ್ವಲ್ಪ ದಿನಕ್ಕೆ ಮೈಯಲ್ಲಿ ಎಣ್ಣೆ ಬರೋದೇ ಕಮ್ಮಿಯಾಗುತ್ತಂತೆ, ಹೌದಾ?"

ಈ ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಇಲ್ಲ, ಕಮ್ಮಿಯಾಗುವುದಿಲ್ಲ.

ವಾದವೇನೋ ಕೇಳೋಕೆ ಚೆನ್ನಾಗಿದೆ. ಸೋಪು ಎಣ್ಣೆಯನ್ನೆಲ್ಲ ತೊಳೆಯುತ್ತದೆ, ಚರ್ಮ ಗಾಬರಿಬಿದ್ದು ಇನ್ನೂ ಜಾಸ್ತಿ ಎಣ್ಣೆ ಸುರಿಸುತ್ತದೆ, ಸೋಪು ನಿಲ್ಲಿಸಿದರೆ ತಾನೂ ಸುಮ್ಮನಾಗುತ್ತದೆ ಅಂತ. ಆದರೆ ಎಣ್ಣೆಯ ಗ್ರಂಥಿ ಕೂತಿರುವುದು ಚರ್ಮದ ಒಳಗೆ, ಕೂದಲಿನ ಬುಡದ ಪಕ್ಕದಲ್ಲಿ. ಮೇಲೆ ನೀವು ಸೋಪು ಹಾಕಿದಿರೋ ಬಿಟ್ಟಿರೋ ಅದಕ್ಕೆ ಗೊತ್ತಾಗುವುದಿಲ್ಲ. ಅದು ಮಾತು ಕೇಳುವುದು ರಕ್ತದಲ್ಲಿ ಬರುವ ಹಾರ್ಮೋನುಗಳದ್ದು, ಮುಖ್ಯವಾಗಿ ಗಂಡು ಹಾರ್ಮೋನು ಅಂತ ಕರೆಯುವ, ಹೆಂಗಸರಲ್ಲೂ ಇರುವ ಆಂಡ್ರೋಜನ್‌ಗಳದ್ದು. ಹೈಸ್ಕೂಲು ಹುಡುಗರ ಮೂಗು ಮಿರಮಿರ ಮಿಂಚುವುದು ಅದಕ್ಕೇ. ಮುಟ್ಟು ನಿಂತ ಮೇಲೆ ಹೆಂಗಸರ ಚರ್ಮದಲ್ಲಿ ಎಣ್ಣೆ ಇಳಿಯುವುದೂ ಅದಕ್ಕೇ. ಮೇಲಿರುವ ಎಣ್ಣೆಯ ಲೆಕ್ಕ ನೋಡಿಕೊಂಡು ಗ್ರಂಥಿ ಕೆಲಸ ಮಾಡುತ್ತದೆ ಅನ್ನುವ ವಾದ ಹಳೆಯದು. ಅಮೆರಿಕದ ಚರ್ಮವೈದ್ಯರಾದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ವಾಲ್ಟರ್ ಶೆಲ್ಲಿ 1958ರಲ್ಲೇ ಅದನ್ನು ಪರೀಕ್ಷಿಸಿ ತಳ್ಳಿಹಾಕಿದ್ದರು. ವಾಟ್ಸಾಪಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಹಾಗಾದರೆ ಸೋಪು ಬಿಟ್ಟು ಏನು ಲಾಭ?

ನಾವು ಜಿಡ್ಡು ಅಂತ ಒಂದೇ ಹೆಸರಲ್ಲಿ ಕರೆದರೂ ಮೈಮೇಲಿರುವುದು ಎರಡು ಬಗೆಯ ಎಣ್ಣೆ. ಒಂದು, ಈ ಗ್ರಂಥಿಗಳಿಂದ ಹೊರಗೆ ಬರುವುದು. ಇನ್ನೊಂದು, ಚರ್ಮದ ಮೇಲ್ಪದರದ ಕೋಶಗಳ ಸಂದಿಯಲ್ಲಿ ತುಂಬಿಕೊಂಡಿರುವ ಸೆರಾಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು. ಮೈಯೊಳಗಿನ ನೀರು ಆರಿಹೋಗದಂತೆ ಹಿಡಿದಿಡುವುದು ಈ ಎರಡನೆಯದು. ಸೋಪಿಗೆ ಇವೆರಡರ ಭೇದ ತಿಳಿಯುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಹೋಗುತ್ತದೆ. ಮುಖದಲ್ಲಿ ಗ್ರಂಥಿಗಳು ದಂಡಿಯಾಗಿವೆ, ಕೆಲವೇ ಗಂಟೆಯಲ್ಲಿ ಮತ್ತೆ ಜಿಡ್ಡು ಬರುತ್ತದೆ. ಮೊಣಕಾಲಿನ ಕೆಳಗೆ ಅವು ಬಹಳ ಕಮ್ಮಿ. ಅಂಗೈ, ಅಂಗಾಲಲ್ಲಂತೂ ಇಲ್ಲವೇ ಇಲ್ಲ. ಸೋಪು ಅದೇ, ಸ್ನಾನ ಅದೇ. ಮೂಗಿಗೆ ಏನೂ ಅನ್ನಿಸುವುದಿಲ್ಲ, ಕಾಲು ಮಾತ್ರ ಒಡೆಯುತ್ತದೆ.

ಡಿಸೆಂಬರಿನಲ್ಲಿ ಸೋಪು ಹಚ್ಚಿ ಬಿಸಿಬಿಸಿ ನೀರು ಹುಯ್ದುಕೊಂಡು ಬನ್ನಿ. ಮೈ ಆರಿದ ಮೇಲೆ ಮುಂಗಾಲಿನ ಮೇಲೆ ಉಗುರಿನಿಂದ ಮೆತ್ತಗೆ ಒಂದು ಗೆರೆ ಎಳೆದು ನೋಡಿ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದಂತೆ ಬೆಳ್ಳಗೆ ಕಾಣುತ್ತದೆ. ಬೋರ್‌ವೆಲ್ ನೀರಾದರೆ ಇನ್ನೂ ಕಷ್ಟ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಮಡ್ಡಿಯಾಗುತ್ತವೆ. ಬಕೆಟ್ಟಿನ ಒಳಗಡೆ ನೀರಿನ ಮಟ್ಟಕ್ಕೆ ಸುತ್ತಲೂ ಕಟ್ಟುವ ಬೂದುಬಣ್ಣದ ಪಟ್ಟಿ ನೋಡಿದ್ದೀರಲ್ಲ, ಅದೇ. ಬೆರಳಲ್ಲಿ ಕೆರೆದರೆ ಉಗುರಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ಅದು ಬಕೆಟ್ಟಿಗೆ ಮಾತ್ರ ಅಂಟುತ್ತದೆ, ಮೈಗೆ ಅಂಟುವುದಿಲ್ಲ ಅಂದುಕೊಂಡರೆ ಹೇಗೆ?

ಟಿಎಫ್‌ಎಂ (ಸೋಪಿನ ಹೊದಿಕೆಯ ಮೇಲೆ ಬರೆದಿರುತ್ತಾರಲ್ಲ, ಅದು) ಶೇಕಡಾ 76 ಅಥವಾ ಅದಕ್ಕಿಂತ ಜಾಸ್ತಿ ಇರುವ ಒಂದನೇ ದರ್ಜೆಯ ಸೋಪು ತಂದರೆ ಸಾಲದಾ ಅಂತಲೂ ಕೇಳುತ್ತಾರೆ. ಟಿಎಫ್‌ಎಂ ಹೇಳುವುದು ಸೋಪಿನಲ್ಲಿ ಕೊಬ್ಬಿನ ಅಂಶ ಎಷ್ಟಿದೆ ಅನ್ನುವುದನ್ನು. ಅದರ ಕ್ಷಾರ ಎಷ್ಟು ಅಂತ ಅದರಿಂದ ತಿಳಿಯುವುದಿಲ್ಲ. ಒಳ್ಳೆಯ ಸೋಪಾದರೂ ಅದರ ಪಿಎಚ್ (7ಕ್ಕಿಂತ ಮೇಲೆ ಹೋದಷ್ಟೂ ಕ್ಷಾರ, ಕೆಳಗೆ ಬಂದಷ್ಟೂ ಆಮ್ಲ) 9ರಿಂದ 10ರ ಆಸುಪಾಸು. ಚರ್ಮದ್ದು 5ರ ಹತ್ತಿರ.

ಈಗ ಜಿಡ್ಡಿನ ಪ್ರಶ್ನೆ. ಬರೀ ನೀರಿಗೆ ಹೋಗುತ್ತಾ? ಸ್ವಲ್ಪ ಹೋಗುತ್ತದೆ. ಬೆವರಿನ ಉಪ್ಪು, ಧೂಳು ತಣ್ಣೀರಿಗೂ ಹೋಗುತ್ತವೆ. ಉಗುರುಬೆಚ್ಚಗಿನ ನೀರಿಗೆ ಎಣ್ಣೆ ಮೆತ್ತಗಾಗುತ್ತದೆ, ಕೈಯಲ್ಲಿ ಉಜ್ಜಿ ಟವೆಲ್ಲಿನಿಂದ ಒರೆಸಿದರೆ ಮೇಲುಮೇಲಿನದು ಬರುತ್ತದೆ. ಮಿಕ್ಕಿದ್ದು ಉಳಿಯುತ್ತದೆ, ಉಳಿಯಲಿ ಅಂತಲೇ ಅಲ್ವಾ ಸೋಪು ಬಿಟ್ಟಿದ್ದು. ಆದರೆ ಬೆನ್ನು, ಎದೆ ಸದಾ ಜಿಡ್ಡಾಗಿರುವವರು, ಮೊಡವೆ ಇರುವ ಹುಡುಗರು ನನ್ನ ಮಾತು ಕೇಳಿಕೊಂಡು ಹೀಗೆ ಮಾಡಬೇಡಿ. ಬೆನ್ನಿನ ಮೇಲೆ ಬೆಳ್ಳಗೆ ಚುಕ್ಕೆಚುಕ್ಕೆಯಾಗಿ ಏಳುವ ಚಿಬ್ಬು ಗೊತ್ತಲ್ಲ? ಅದನ್ನು ತರುವ ಮಲಸೀಜಿಯಾ ಅನ್ನುವ ಶಿಲೀಂಧ್ರಕ್ಕೆ ಚರ್ಮದ ಎಣ್ಣೆಯೇ ಊಟ.

ವಾಸನೆಯದು ಬೇರೆಯೇ ಕಥೆ. ಮೈತುಂಬ ಬರುವ ಬೆವರು ಹೆಚ್ಚುಕಮ್ಮಿ ಉಪ್ಪುನೀರು, ಅದಕ್ಕೆ ವಾಸನೆ ಇಲ್ಲ. ಕಂಕುಳು, ತೊಡೆಸಂದಿಯ ಗ್ರಂಥಿಗಳ ಬೆವರಿನಲ್ಲಿ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಬೇಕಾದ್ದು ಜಾಸ್ತಿ ಇರುತ್ತದೆ. ಅವು ತಿಂದು ಬಿಟ್ಟಿದ್ದೇ ನಾರುವುದು. ಅದಕ್ಕೇ ಅಲ್ಲಿ ಸೋಪು ಬೇಕು. ಜೊತೆಗೆ ಬಟ್ಟೆಯನ್ನೂ ನೋಡಿಕೊಳ್ಳಿ. ಪಾಲಿಯೆಸ್ಟರ್ ಟೀಶರ್ಟು ಹಾಕಿಕೊಂಡು ಮೈಯನ್ನು ಬೈದರೆ ಏನು ಬಂತು?

"ಹಿಂದಿನವರು ಸೋಪು ಕಂಡಿದ್ರಾ?" ಅನ್ನುವವರಿಗೂ ಒಂದು ಮಾತು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸೋಪಿನ ಕಾರ್ಖಾನೆ ಶುರುವಾಗಿದ್ದು ಗಂಧದ ಮರ ಹೊರದೇಶಕ್ಕೆ ಹೋಗದೆ ಉಳಿದಿದ್ದ ಮೊದಲನೇ ಮಹಾಯುದ್ಧದ ಕಾಲದಲ್ಲಿ. ಅದಕ್ಕೂ ಮೊದಲಿನವರು ಬರೀ ನೀರಲ್ಲೇ ಮಿಂದರು ಅಂತಲ್ಲ. ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು ಎಲ್ಲ ಇತ್ತು. ಸೀಗೆಯಲ್ಲಿ ನೊರೆ ಬರುವುದು ಸಪೋನಿನ್‌ನಿಂದ, ಅದೂ ಎಣ್ಣೆ ತೆಗೆಯುವ ವಸ್ತುವೇ. ಆದರೆ ಎಣ್ಣೆನೀರಿನ ದಿನ ಮೊದಲು ಮೈತುಂಬ ಎಣ್ಣೆ ಹಚ್ಚಿ, ತಿಕ್ಕಿ, ನೆನೆಯಲು ಬಿಡುತ್ತಿದ್ದರು. ಸೀಗೆ ಮೊದಲು ತೆಗೆಯುವುದು ಹಚ್ಚಿದ ಎಣ್ಣೆಯನ್ನು. ನಾವು ಎಣ್ಣೆ ಹಚ್ಚುವುದನ್ನು ಬಿಟ್ಟು ಉಜ್ಜುವುದನ್ನು ಮಾತ್ರ ದಿನಾ ಮಾಡುತ್ತಿದ್ದೇವೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ನಾನೂ ಸೀಗೆಪುಡಿ ತೆಗೆಯುತ್ತೇನೆ, ಬರೀ ನೀರಿಗೆ ಆ ಎಣ್ಣೆ ಜಗ್ಗುವುದಿಲ್ಲ.

ಮಾಡಿ ನೋಡಬೇಕು ಅನ್ನಿಸಿದರೆ ಚಳಿಗಾಲದಲ್ಲಿ ಕೈಕಾಲಿನಿಂದ ಶುರುಮಾಡಿ. ನೀರು ತೀರಾ ಬಿಸಿ ಬೇಡ, ಬಿಸಿನೀರೂ ಚರ್ಮ ಒಣಗಿಸುತ್ತದೆ. ಒರೆಸಿಕೊಂಡ ಮೇಲೆ ಮೈ ಇನ್ನೂ ಹಸಿಯಿದ್ದಾಗಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ. ಕಕ್ಕಸಿಗೆ ಹೋಗಿ ಬಂದ ಮೇಲೆ, ಊಟಕ್ಕೆ ಮೊದಲು ಕೈಗೆ ಸೋಪು ಹಾಕುವುದರಲ್ಲಿ ಮಾತ್ರ ರಿಯಾಯಿತಿ ಇಲ್ಲ. ತಲೆಗೂ ಬರೀ ನೀರೇನಾ ಅಂತ ಕೇಳಬೇಡಿ. ನೆತ್ತಿಯಲ್ಲಿ ಎಣ್ಣೆಯ ಗ್ರಂಥಿಗಳು ಮುಖದಲ್ಲಿರುವಷ್ಟೇ ದಟ್ಟ, ನಾನು ಶಾಂಪೂ ಹಾಕುತ್ತೇನೆ.