ವೇಲೆನ್‌ನ ಬೆಚ್ಚನೆಯ ಕಲ್ಲು

ಅಕ್ಟೋಬರಿನ ಒಂದು ಶನಿವಾರ ಮೊಸೆಲ್ ನದಿ ದಂಡೆಯ ವೇಲೆನ್ ಎಂಬ ಹಳ್ಳಿಗೆ ದ್ರಾಕ್ಷಿ ಕೊಯ್ಯಲು ಹೋಗಿದ್ದೆ. ಜರ್ಮನಿಗೆ ಬಂದ ಮೇಲೆ ತೋಟಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಆಫೀಸಿನ ಗೆಳೆಯನ ಅಜ್ಜನಿಗೆ ಅಲ್ಲೊಂದು ಸಣ್ಣ ತುಂಡು ಜಾಗ ಇದೆ. ನಾನು ವಿಜಯಪುರದ ಕಡೆಯವನು, ಮನೆಯಲ್ಲೂ ದ್ರಾಕ್ಷಿ ಬೆಳೆಯುತ್ತೇವೆ. ಕರೆದ ಕೂಡಲೇ ಹೊರಟೆ.

ಊರು ಒಂದು ದಂಡೆಗೆ, ತೋಟ ಎದುರು ದಂಡೆಗೆ. ನಡುವೆ ತೂಗುಸೇತುವೆ. ಅಲ್ಲಿಂದ ನೋಡಿದರೆ ಗುಡ್ಡ ಗೋಡೆ ಹಾಗೆ ಎದ್ದು ನಿಂತಿದೆ, ಬುಡದಿಂದ ನೆತ್ತಿವರೆಗೂ ಬಳ್ಳಿ. ನಮ್ಮಲ್ಲಿಯ ಹಾಗೆ ಚಪ್ಪರ ಇಲ್ಲ. ಅಜ್ಜನ ತೋಟದಲ್ಲಿ ತಂತಿಯೂ ಇಲ್ಲ, ಒಂದೊಂದು ಬಳ್ಳಿಗೆ ಒಂದೊಂದು ಗೂಟ. ಎರಡು ಕಡ್ಡಿಗಳನ್ನು ಬಗ್ಗಿಸಿ ಹೃದಯದ ಆಕಾರದಲ್ಲಿ ಗೂಟಕ್ಕೆ ಕಟ್ಟಿದ್ದರು.

ಕಾಲಡಿ ಮಣ್ಣೇ ಕಾಣಲಿಲ್ಲ. ಬರೀ ಕಲ್ಲಿನ ಚಕ್ಕೆ. ಒಂದನ್ನು ಎತ್ತಿಕೊಂಡೆ. ಅಂಗೈ ಅಗಲ, ನೀಲಿ ಬೆರೆತ ಬೂದು ಬಣ್ಣ, ಅಂಚು ಹಾಳೆ ಹಾಳೆಯಾಗಿ ಬಿಟ್ಟುಕೊಂಡಿತ್ತು. ಚಿಕ್ಕವರಿದ್ದಾಗ ಬಳಪ ಹಿಡಿದು ಬರೆದ ಕಲ್ಲಿನ ಸ್ಲೇಟು ಇದೆಯಲ್ಲ, ಅದೇ ಜಾತಿ. ಸುಮಾರು 40 ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರ ಇತ್ತು. ಅದರ ತಳದ ಕೆಸರೇ ಒತ್ತಡಕ್ಕೆ ಸಿಕ್ಕಿ ಹೀಗೆ ಕಲ್ಲಾಗಿದೆ. ಮಳೆ ನೀರು ಸಂದುಗಳಲ್ಲಿ ಇಳಿದುಹೋಗುತ್ತದೆ, ಬೇರು ಅದರ ಬೆನ್ನು ಹತ್ತಿ ಆಳಕ್ಕೆ ಹೋಗುತ್ತದೆ. 19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ಹಾಳುಮಾಡಿದ, ಬೇರು ಹೀರುವ ಫಿಲಾಕ್ಸೆರಾ ಕೀಟಕ್ಕೆ ಈ ಕಲ್ಲಿನಲ್ಲಿ ಬದುಕುವುದು ಕಷ್ಟ. ಹಾಗಾಗಿ ಕೀಟ ತಡೆಯುವ ಬೇರೆ ಬೇರಿಗೆ ಕಸಿ ಕಟ್ಟದ, ಸ್ವಂತ ಬೇರಿನ ಹಳೆ ಬಳ್ಳಿಗಳು ಇಲ್ಲಿ ಇನ್ನೂ ಉಳಿದಿವೆ. ಅಪ್ಪ ಡಾಗ್‌ರಿಡ್ಜ್ ಎಂಬ ಬೇರೆ ಜಾತಿ ದ್ರಾಕ್ಷಿಯ ಬೇರಿಗೆ ಕಸಿ ಕಟ್ಟಿಸುವುದನ್ನು ನೋಡಿ ಬೆಳೆದವನು ನಾನು. ಆ ಬುಡಗಳನ್ನು ಮುಟ್ಟಿ ಮುಟ್ಟಿ ನೋಡಿದೆ.

ಮಧ್ಯಾಹ್ನ ಬ್ರೆಡ್ಡು, ಚೀಸು, ಒಂದೊಂದು ಲೋಟ ರೀಸ್ಲಿಂಗ್, ಅದೇ ಹೆಸರಿನ ದ್ರಾಕ್ಷಿ ತಳಿಯ ಬಿಳಿ ವೈನ್. 1787ರಲ್ಲಿ ಟ್ರಿಯರ್‌ನ ದೊರೆ, ಆರ್ಚ್‌ಬಿಷಪ್ ಕ್ಲೆಮೆನ್ಸ್ ವೆನ್ಸೆಸ್ಲಾಸ್, ಕಳಪೆ ತಳಿ ಕಿತ್ತು ಒಳ್ಳೆ ತಳಿ ನೆಡಿ ಎಂದು ಆಜ್ಞೆ ಮಾಡಿದ್ದ. ಅಲ್ಲಿಂದ ರೀಸ್ಲಿಂಗ್ ಜಾಸ್ತಿಯಾಯಿತು. ಚಳಿಯಲ್ಲಿ ನಿಧಾನಕ್ಕೆ ಮಾಗುವುದರಿಂದ ಹಣ್ಣಿನ ಹುಳಿ ಹೋಗುವುದಿಲ್ಲ. ನಾಲಿಗೆಗೆ ಮೊದಲು ಆ ಹುಳಿ, ಹಿಂದೆಯೇ ಸಿಹಿ. ಸಕ್ಕರೆಯೆಲ್ಲ ಮುಗಿಯುವ ಮೊದಲೇ ಹುದುಗು ನಿಲ್ಲಿಸುವುದರಿಂದ ಆಲ್ಕೋಹಾಲ್ ಶೇಕಡಾ 8ರಷ್ಟೇ.

ಗುಡ್ಡದ ನಡುವಿನ ಬಂಡೆಯಲ್ಲಿ ದೊಡ್ಡದೊಂದು ಬಿಳಿ ನೆರಳು ಗಡಿಯಾರ ಇದೆ. 1842ರಲ್ಲಿ ಯೋಡೊಕುಸ್ ಪ್ರೂಮ್ ಎಂಬವರು ಮಾಡಿಸಿದ್ದು. ತೋಟದಲ್ಲಿ ದುಡಿಯುವವರಿಗೆ ಆಗ ಹೊತ್ತು ತಿಳಿಯಬೇಕಲ್ವಾ? ಈ ತೋಟಕ್ಕೆ ಜೊನ್ನೆನೂರ್, ಅಂದರೆ ಬಿಸಿಲು ಗಡಿಯಾರ, ಎಂದು ಹೆಸರು ಬಂದಿದ್ದು ಅದರಿಂದಲೇ. ನನ್ನ ವಾಚಿನಲ್ಲಿ ಮೂರು ಗಂಟೆ. ನೆರಳು ಇನ್ನೂ ಎರಡು ಗಂಟೆಯ ಗೆರೆಯನ್ನೂ ಮುಟ್ಟಿರಲಿಲ್ಲ. ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟ ಗಡಿಯಾರವನ್ನು ಇಲ್ಲಿ ಅಕ್ಟೋಬರ್ ಕೊನೆಗೇ ಹಿಂದಿಡುವುದು. ಬಂಡೆಯ ಮೇಲೆ ಸೂರ್ಯನದೇ ಲೆಕ್ಕ.

ಸಂಜೆ ಬಿಸಿಲು ಇಳಿಯಿತು, ನದಿ ಕಡೆಯಿಂದ ಚಳಿ ಏರಿತು. ಅಜ್ಜ ನನ್ನ ಕೈ ಹಿಡಿದು ಕಲ್ಲಿನ ಮೇಲೆ ಇಟ್ಟರು. ಬೆಚ್ಚಗಿತ್ತು. "ರಾತ್ರಿ ಬಳ್ಳಿಗೆ ಇದೇ ಹೊದಿಕೆ" ಅಂದರು. ಮಳೆಗೆ ಕೆಳಗೆ ಜಾರಿದ ಚಕ್ಕೆಗಳನ್ನು ಹಿಂದೆಲ್ಲ ಬುಟ್ಟಿಗೆ ತುಂಬಿ, ಬೆನ್ನ ಮೇಲೆ ಹೊತ್ತು, ಮತ್ತೆ ಮೇಲೆ ತಂದು ಸುರಿಯುತ್ತಿದ್ದರಂತೆ. ಅವರ ಅಮ್ಮನೂ ಹೊತ್ತಿದ್ದರಂತೆ.

ಬೆಳಗ್ಗೆ ಎತ್ತಿಕೊಂಡ ಚಕ್ಕೆ ಇನ್ನೂ ಜೇಬಿನಲ್ಲಿತ್ತು. ತೆಗೆದು ಒಂದು ಹಳೆ ಬಳ್ಳಿಯ ಬುಡಕ್ಕೆ ಇಟ್ಟು ಇಳಿದೆ.